ಗರ್ಭಕಂಠ, ಗರ್ಭಕೋಶ, ಅಂಡಾಶಯದ ಕ್ಯಾನ್ಸರ್: ಪತ್ತೆ, ಚಿಕಿತ್ಸೆ, ನಿಗಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಸುಲಭದವು ಮೊದಲು, ಸಂಶೋಧನೆಯ ಒಳಹೊಕ್ಕು ಕೇಳಿದವು ಕೊನೆಗೆ. ಎಲ್ಲವನ್ನೂ ಓದಬೇಕಿಲ್ಲ, ಬೇಕಾದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ. ನಿಮ್ಮ ರಿಪೋರ್ಟ್ ನೋಡಿ ಹೇಳಬೇಕಾದ್ದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

## ಮೊದಲ ಪ್ರಶ್ನೆಗಳು

ಹೆಂಗಸರ ಈ ಕ್ಯಾನ್ಸರ್‌ಗಳೆಲ್ಲ ಒಂದೇ ಕಾಯಿಲೆನಾ?

ಅಲ್ಲ. ಇರುವ ಜಾಗ ಹತ್ತಿರ ಅಷ್ಟೇ, ಸ್ವಭಾವ ಬೇರೆ ಬೇರೆ. ಗರ್ಭಕಂಠ, ಗರ್ಭಕೋಶ, ಅಂಡಾಶಯ, ಯೋನಿ, ಯೋನಿಯ ಹೊರಭಾಗ ಎಂದು ಮುಖ್ಯವಾಗಿ ಐದು ಕಡೆ ಇವು ಬರುತ್ತವೆ. ಗರ್ಭಕಂಠದ ಕ್ಯಾನ್ಸರ್‌ಗೆ ಹೆಚ್ಚೂಕಡಿಮೆ ಯಾವಾಗಲೂ ಎಚ್‌ಪಿವಿ ಎಂಬ ವೈರಸ್ ಕಾರಣ. ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ಈಸ್ಟ್ರೋಜನ್ ಹಾರ್ಮೋನಿನ ನಂಟು ಜಾಸ್ತಿ. ಹಾಗಾಗಿ ಮೈತೂಕ ಹೆಚ್ಚಿರುವವರಲ್ಲಿ ಇದರ ಅಪಾಯವೂ ಹೆಚ್ಚು. ಅಂಡಾಶಯದ ಕ್ಯಾನ್ಸರ್‌ನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು.

ಈ ವ್ಯತ್ಯಾಸ ಮುಂದಿನ ಉತ್ತರಗಳಿಗೆಲ್ಲ ಬೇಕಾಗುತ್ತದೆ. ಒಂದರಲ್ಲಿ ಜೀವ ಉಳಿಸಿದ ಪರೀಕ್ಷೆ ಇನ್ನೊಂದರಲ್ಲಿ ಕೆಲಸಕ್ಕೆ ಬಾರದಿರಬಹುದು. 2022ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಆ ವರ್ಷ ಗರ್ಭಕಂಠದ ಕ್ಯಾನ್ಸರ್ ಸುಮಾರು 6.6 ಲಕ್ಷ ಮಂದಿಗೆ ಬಂತು, ಸುಮಾರು 3.5 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಅಂಡಾಶಯದ್ದು ಬಂದವರು ಸುಮಾರು 3.2 ಲಕ್ಷ, ತೀರಿಕೊಂಡವರು 2 ಲಕ್ಷಕ್ಕೂ ಹೆಚ್ಚು. ಬಂದವರು ಕಡಿಮೆ, ಆದರೆ ಬಂದವರಲ್ಲಿ ಉಳಿಯುವವರೂ ಕಡಿಮೆ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಲೈಂಗಿಕ ಸಂಪರ್ಕದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ದುರ್ವಾಸನೆಯ ಬಿಳಿಸೆರಗು, ವಾಸಿಯಾಗದ ತುರಿಕೆ ಅಥವಾ ಯೋನಿಯ ಹೊರಭಾಗದಲ್ಲಿ ಹುಣ್ಣು, ಇವೂ ಡಾಕ್ಟರಿಗೆ ತೋರಿಸಬೇಕಾದವೇ.

ಅಂಡಾಶಯದ ಲಕ್ಷಣಗಳು ಮೋಸದವು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು. ಇವೆಲ್ಲ ಗ್ಯಾಸ್ ಎಂದುಕೊಳ್ಳುವಂಥವೇ. ನೋಡಬೇಕಾದ್ದು ಹೊಸತನ ಮತ್ತು ಪದೇ ಪದೇ ಬರುವಿಕೆ. ಒಂದು ವರ್ಷದೊಳಗೆ ಶುರುವಾಗಿ, ತಿಂಗಳಿಗೆ 12 ದಿನಕ್ಕಿಂತ ಹೆಚ್ಚು ಕಾಡಿದರೆ ಪರೀಕ್ಷೆ ಮಾಡಿಸಬೇಕು ಎಂದು 2007ರ ಒಂದು ಅಧ್ಯಯನ ಸೂಚಿಸಿತು. ಆ ಅಳತೆ ನನಗೆ ಇಷ್ಟ, ಯಾಕೆಂದರೆ ಅದು ಗಾಬರಿಗೂ ಉದಾಸೀನಕ್ಕೂ ಒಂದು ಗೆರೆ ಹಾಕುತ್ತದೆ.

ಎಚ್‌ಪಿವಿ ಪಾಸಿಟಿವ್ ಅಂತ ರಿಪೋರ್ಟ್ ಬಂದಿದೆ. ನನಗೆ ಕ್ಯಾನ್ಸರ್ ಇದೆಯಾ? ಗಂಡನಿಗೆ ಬೇರೆ ಸಂಬಂಧ ಇದೆಯಾ?

ಎರಡಕ್ಕೂ ಆ ರಿಪೋರ್ಟಿನಲ್ಲಿ ಉತ್ತರವಿಲ್ಲ. ಎಚ್‌ಪಿವಿ ಬಹಳ ಸಾಮಾನ್ಯ ವೈರಸ್. ಲೈಂಗಿಕ ಜೀವನ ಇರುವ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಸಲ ಎರಡು ವರ್ಷದೊಳಗೆ ದೇಹವೇ ಅದನ್ನು ಹತ್ತಿಕ್ಕಿಬಿಡುತ್ತದೆ. ಕೆಲವೊಮ್ಮೆ ವರ್ಷಗಟ್ಟಲೆ ಸುಳಿವಿಲ್ಲದೆ ಇದ್ದು ಆಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಹಾಗಾಗಿ ಯಾವಾಗ, ಯಾರಿಂದ ಬಂತು ಎಂದು ಲೆಕ್ಕ ಹಾಕಲು ಆಗುವುದಿಲ್ಲ. ಸಂಸಾರದಲ್ಲಿ ಜಗಳಕ್ಕೆ ಈ ರಿಪೋರ್ಟನ್ನು ಸಾಕ್ಷಿ ಮಾಡಬೇಡಿ.

ತೊಂದರೆ ಕೊಡುವುದು ಹೋಗದೆ ಉಳಿದುಬಿಡುವ ಸೋಂಕು, ಅದರಲ್ಲೂ ಕೆಲವು ಬಗೆಗಳು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70%ಕ್ಕೆ 16 ಮತ್ತು 18 ಎಂಬ ಎರಡೇ ಬಗೆಗಳು ಕಾರಣ. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ತಂಡ ಇವನ್ನು ಗೆಡ್ಡೆಗಳೊಳಗೆ ಗುರುತಿಸಿದ್ದು 1983 ಮತ್ತು 1984ರಲ್ಲಿ. ಅದಕ್ಕೆ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕಿನಿಂದ ಕ್ಯಾನ್ಸರ್‌ವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ರೋಗನಿರೋಧಕ ಶಕ್ತಿ ಕುಗ್ಗಿದ್ದರೆ 5ರಿಂದ 10 ವರ್ಷ ಸಾಕು. ಈ ಉದ್ದದ ಅವಧಿಯೇ ನಮಗೆ ಸಿಕ್ಕಿರುವ ಅವಕಾಶ.

ಲಸಿಕೆ ನಿಜವಾಗಿ ಕ್ಯಾನ್ಸರ್ ತಡೆದಿದೆಯಾ, ಸುಮ್ನೆ ಹೇಳ್ತಾರಾ?

ತಡೆದಿದೆ. ಎಚ್‌ಪಿವಿ ಲಸಿಕೆ ಬಳಕೆಗೆ ಬಂದದ್ದು 2006ರಲ್ಲಿ. ಮೊದಮೊದಲು ಸೋಂಕು ಕಡಿಮೆಯಾಗಿದೆ, ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಕಡಿಮೆಯಾಗಿದೆ ಎಂದಷ್ಟೇ ಹೇಳಲು ಸಾಧ್ಯವಿತ್ತು. ಆ ಹೊತ್ತಿನಲ್ಲಿ ಅನುಮಾನ ಪಡುವುದರಲ್ಲಿ ಒಂದಿಷ್ಟು ನ್ಯಾಯವೂ ಇತ್ತು. ಈಗ ಇಲ್ಲ. 2020ರಲ್ಲಿ ಸ್ವೀಡನ್ನಿನ ಸುಮಾರು 16.7 ಲಕ್ಷ ಹುಡುಗಿಯರ ಮತ್ತು ಯುವತಿಯರ ದಾಖಲೆ ನೋಡಿದಾಗ, 17 ವರ್ಷ ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ 88% ಕಡಿಮೆ ಇತ್ತು. ಮರುವರ್ಷ ಇಂಗ್ಲೆಂಡಿನಿಂದ ಬಂದ ಲೆಕ್ಕದಲ್ಲಿ, 12-13ನೇ ವಯಸ್ಸಿನಲ್ಲಿ ಲಸಿಕೆ ಕೊಡಲಾದ ತಲೆಮಾರಿನಲ್ಲಿ 87% ಕಡಿಮೆ.

ಡೋಸಿನ ವಿಷಯವೂ ಬದಲಾಗಿದೆ. ಕೀನ್ಯಾದಲ್ಲಿ 15ರಿಂದ 20 ವರ್ಷದವರ ಮೇಲೆ ನಡೆದ ಅಧ್ಯಯನದಲ್ಲಿ ಒಂದೇ ಡೋಸ್ 18 ತಿಂಗಳಲ್ಲಿ 16 ಮತ್ತು 18ನೇ ಬಗೆಗಳ ಉಳಿದುಬಿಡುವ ಸೋಂಕನ್ನು 97.5% ತಡೆಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ಸಾಕು ಎಂದಿತು. ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಈ ರಿಯಾಯಿತಿ ಇಲ್ಲ.

ಎರಡು ಮಾತು ನೆನಪಿರಲಿ. ಈಗಾಗಲೇ ಇರುವ ಸೋಂಕನ್ನು ಲಸಿಕೆ ವಾಸಿ ಮಾಡುವುದಿಲ್ಲ. ಲಸಿಕೆ ಹಾಕಿಸಿಕೊಂಡವರೂ ವಯಸ್ಸು ಬಂದಾಗ ತಪಾಸಣೆ ಮಾಡಿಸಬೇಕು, ಏಕೆಂದರೆ ಎಲ್ಲ ಬಗೆಗಳೂ ಲಸಿಕೆಯಲ್ಲಿಲ್ಲ.

ಟಾಲ್ಕಂ ಪೌಡರ್ ಹಾಕಿದರೆ ಅಂಡಾಶಯದ ಕ್ಯಾನ್ಸರ್ ಬರುತ್ತಾ?

ಬರಬಹುದು ಎಂಬ ಅನುಮಾನ ಗಟ್ಟಿಯಾಗಿದೆ, ಖಚಿತವಾಗಿಲ್ಲ. 2024ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟಾಲ್ಕನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎಂಬ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಸಿಕ್ಕ ಪುರಾವೆ ಸೀಮಿತ ಎಂದೂ ಹೇಳಿತು. ಆ ಜಾಗಕ್ಕೆ ಪೌಡರ್ ಬೇಕೇ ಬೇಕು ಅನ್ನುವ ವೈದ್ಯಕೀಯ ಕಾರಣ ಒಂದೂ ಇಲ್ಲ. ಬಿಟ್ಟರೆ ನಷ್ಟವೇನು?

## ಪತ್ತೆ ಹಚ್ಚುವುದು

ಪ್ಯಾಪ್ ಟೆಸ್ಟ್ ಮಾಡಿಸಲಾ, ಎಚ್‌ಪಿವಿ ಟೆಸ್ಟ್ ಮಾಡಿಸಲಾ?

ಎರಡೂ ಸಿಗುವ ಕಡೆ ಎಚ್‌ಪಿವಿ ಟೆಸ್ಟ್. ಪ್ಯಾಪ್ ಪರೀಕ್ಷೆ ಜಾರ್ಜ್ ಪಾಪನಿಕೊಲೌ ಅವರ ಕೊಡುಗೆ. 1940ರ ದಶಕದಿಂದ ಅದು ಲೆಕ್ಕವಿಲ್ಲದಷ್ಟು ಜೀವ ಉಳಿಸಿದೆ. ಅದರ ತೊಂದರೆ ಏನೆಂದರೆ, ಗರ್ಭಕಂಠದಿಂದ ತೆಗೆದು ಗಾಜಿನ ಮೇಲೆ ಬಳಿದ ಜೀವಕೋಶಗಳನ್ನು ಒಬ್ಬ ಪರಿಣತ ಕಣ್ಣಿಟ್ಟು ನೋಡಬೇಕು. ಒಂದು ಸಲಕ್ಕೆ ತಪ್ಪಿಹೋಗುವುದು ಸಾಮಾನ್ಯ. ಅದಕ್ಕೇ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ. ಎಚ್‌ಪಿವಿ ಟೆಸ್ಟ್ ವೈರಸ್ಸಿನ ಡಿಎನ್‌ಎ ಹುಡುಕುತ್ತದೆ, ಯಂತ್ರವೇ ಉತ್ತರ ಹೇಳುತ್ತದೆ.

ಇದಕ್ಕೆ ದೊಡ್ಡ ಪುರಾವೆ ಬಂದದ್ದು ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಿಂದ. 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಆ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು. ಒಂದೇ ಸಲ ಪ್ಯಾಪ್ ಅಥವಾ ಗರ್ಭಕಂಠಕ್ಕೆ ವಿನೆಗರ್ ಹಚ್ಚಿ ಕಣ್ಣಲ್ಲೇ ನೋಡುವ ಪರೀಕ್ಷೆ ಮಾಡಿದ ಗುಂಪುಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಹಾಗೆಂದು ವಿನೆಗರ್ ಪರೀಕ್ಷೆಯನ್ನು ತಳ್ಳಿಹಾಕುವಂತಿಲ್ಲ. ಮುಂಬೈಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಅದನ್ನೇ ಮಾಡಿದಾಗ ಸಾವು 31% ಕಡಿಮೆಯಾಯಿತು. ಲ್ಯಾಬ್ ಇಲ್ಲದ ಕಡೆ ಅದು ಸಣ್ಣ ಸಾಧನೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಹೀಗಿದೆ: 30ನೇ ವಯಸ್ಸಿನಿಂದ, 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಟೆಸ್ಟ್. ಎಚ್‌ಐವಿ ಇರುವವರಿಗೆ 25ರಿಂದ, 3ರಿಂದ 5 ವರ್ಷಕ್ಕೊಮ್ಮೆ.

ಡಾಕ್ಟರ್ ಮುಂದೆ ಮಲಗಲು ಮುಜುಗರ. ನಾನೇ ಮಾದರಿ ತೆಗೆಯಬಹುದಾ?

ಎಚ್‌ಪಿವಿ ಟೆಸ್ಟಿಗಾದರೆ ಆಗುತ್ತದೆ. ಹತ್ತಿ ಕಡ್ಡಿಯಂಥದ್ದನ್ನು ಯೋನಿಯೊಳಗೆ ತಿರುಗಿಸಿ ತೆಗೆದರೆ ಸಾಕು, ಗರ್ಭಕಂಠಕ್ಕೇ ತಾಗಬೇಕೆಂದಿಲ್ಲ. ಪಿಸಿಆರ್ ಆಧಾರಿತ ಟೆಸ್ಟ್‌ಗಳಲ್ಲಿ ಇಂಥ ಮಾದರಿಯೂ ಡಾಕ್ಟರ್ ತೆಗೆದ ಮಾದರಿಯಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದಿದೆ. ಪ್ಯಾಪ್ ಟೆಸ್ಟಿಗೆ ಈ ಅನುಕೂಲವಿಲ್ಲ. ಪಾಸಿಟಿವ್ ಬಂದರೆ ಮಾತ್ರ ಮುಂದಿನ ಪರೀಕ್ಷೆಗೆ ಹೋಗಲೇಬೇಕು. ಅಲ್ಲಿ ಹಿಂದೆ ಸರಿದರೆ ಟೆಸ್ಟ್ ಮಾಡಿಸಿದ್ದೇ ವ್ಯರ್ಥ.

ಅಂಡಾಶಯದ ಕ್ಯಾನ್ಸರ್‌ಗೆ ಯಾಕೆ ಇಂಥ ತಪಾಸಣೆ ಇಲ್ಲ? ವರ್ಷಕ್ಕೊಮ್ಮೆ ಸ್ಕ್ಯಾನ್, ರಕ್ತ ಪರೀಕ್ಷೆ ಮಾಡಿದರಾಯಿತಲ್ಲ?

ಹಾಗೇ ಮಾಡಿ ನೋಡಿದ್ದಾರೆ. ಬ್ರಿಟನ್ನಿನಲ್ಲಿ 2001ರಿಂದ 2005ರ ನಡುವೆ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು, ಒಂದು ಗುಂಪಿಗೆ ವರ್ಷ ವರ್ಷವೂ ಸಿಎ-125 ರಕ್ತ ಪರೀಕ್ಷೆ, ಇನ್ನೊಂದಕ್ಕೆ ಸ್ಕ್ಯಾನ್, ಮತ್ತೊಂದಕ್ಕೆ ಏನೂ ಇಲ್ಲ ಎಂದು ಹಂಚಿದರು. ರಕ್ತ ಪರೀಕ್ಷೆಯ ಗುಂಪಿನಲ್ಲಿ ಮೊದಲ ಹಂತದಲ್ಲೇ ಸಿಕ್ಕವರು ಹೆಚ್ಚಾದರು, 4ನೇ ಹಂತದಲ್ಲಿ ಸಿಕ್ಕವರು ಕಡಿಮೆಯಾದರು. ಕೇಳಿದರೆ ಗೆದ್ದಂತೆಯೇ ಅನಿಸುತ್ತದೆ, ಅಲ್ವಾ? ಆದರೆ 2021ರಲ್ಲಿ ಅಂತಿಮ ಲೆಕ್ಕ ಬಂದಾಗ ಯಾವ ಗುಂಪಿನಲ್ಲೂ ಸಾವು ಕಡಿಮೆಯಾಗಿರಲಿಲ್ಲ. ಬೇಗ ಕಂಡರೂ ಆ ಕ್ಯಾನ್ಸರ್‌ಗಳಲ್ಲಿ ಹಲವು ತಮ್ಮ ದಾರಿಯನ್ನೇ ಹಿಡಿದವು.

ಹಾನಿಯ ಲೆಕ್ಕವೂ ಇದೆ. ಅಮೆರಿಕದ ಇಂಥದ್ದೇ ಅಧ್ಯಯನವೊಂದರಲ್ಲಿ 3,285 ಮಹಿಳೆಯರಿಗೆ ಇಲ್ಲದ ಕ್ಯಾನ್ಸರಿನ ಅನುಮಾನ ಬಂತು. ಅವರಲ್ಲಿ 1,080 ಮಂದಿಗೆ ಆಪರೇಷನ್ ಆಯಿತು, 163 ಮಂದಿಗೆ ಗಂಭೀರ ತೊಡಕುಗಳಾದವು. ಕ್ಯಾನ್ಸರ್ ಇಲ್ಲದವರಿಗೆ!

ಕಾರಣ ಕಾಯಿಲೆಯ ಹುಟ್ಟಿನಲ್ಲಿದೆ. ಹೆಚ್ಚಿನ ಮಾರಕ ಅಂಡಾಶಯ ಕ್ಯಾನ್ಸರ್‌ಗಳು ಅಂಡಾಶಯದಲ್ಲಿ ಶುರುವಾಗುವುದೇ ಇಲ್ಲ. ಪಕ್ಕದ ಅಂಡನಾಳದ, ಅಂದರೆ ಫೆಲೋಪಿಯನ್ ಟ್ಯೂಬಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹುಟ್ಟುತ್ತವೆ. ಸ್ಕ್ಯಾನಿಗೆ ಸಿಗುವ ಗೆಡ್ಡೆಯಾಗುವ ಮೊದಲೇ ಹೊಟ್ಟೆಯೊಳಗೆ ಚದುರಿಬಿಡಬಲ್ಲವು. ಗರ್ಭಕಂಠದಲ್ಲಿ ನಮಗೆ 15 ವರ್ಷದ ಅವಧಿಯಿದೆ, ಕೈಗೆಟುಕುವ ಜಾಗವೂ ಹೌದು. ಇಲ್ಲಿ ಎರಡೂ ಇಲ್ಲ.

ನನ್ನ ಸಿಎ-125 ಜಾಸ್ತಿ ಬಂದಿದೆ. ಇದು ಕ್ಯಾನ್ಸರೇ ಅಲ್ವಾ?

ಆಗಿರಲೇಬೇಕೆಂದಿಲ್ಲ. ಇದು ಹೊಟ್ಟೆಯ ಒಳಪೊರೆ ಕೆರಳಿದಾಗಲೂ ಏರುವ ಪ್ರೋಟೀನ್. ಸಾಮಾನ್ಯವಾಗಿ 35ರ ಗಡಿ ಹಾಕುತ್ತಾರೆ. ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ, ಎಂಡೋಮೆಟ್ರಿಯೋಸಿಸ್, ಫೈಬ್ರಾಯ್ಡ್, ಕಿಬ್ಬೊಟ್ಟೆಯ ಸೋಂಕು ಇದ್ದಾಗ ಅದು ದಾಟಬಹುದು. ಹೊಟ್ಟೆಯ ಕ್ಷಯದಲ್ಲಿ ನೂರಾರಕ್ಕೆ ಏರಿ ಕ್ಯಾನ್ಸರಿನಂತೆಯೇ ಕಾಣುವುದುಂಟು. ಇನ್ನೊಂದು ಕಡೆ, ಮೊದಲ ಹಂತದ ಅಂಡಾಶಯ ಕ್ಯಾನ್ಸರ್ ಇದ್ದೂ ಇದು ಏರದಿರಬಹುದು. ಮುಟ್ಟು ನಿಂತ ಮೇಲೆ, ಸ್ಕ್ಯಾನಿನಲ್ಲಿ ಗೆಡ್ಡೆಯೂ ಕಂಡು, ಇದೂ ಏರಿದ್ದರೆ ಆಗ ಅದರ ತೂಕ ಬೇರೆ. ಲಕ್ಷಣವಿಲ್ಲದೆ ಹೆಲ್ತ್ ಚೆಕಪ್ ಪಟ್ಟಿಯಲ್ಲಿ ಸುಮ್ನೆ ಸೇರಿಸಿ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ.

ಮುಟ್ಟು ನಿಂತು ಐದು ವರ್ಷ. ಸ್ವಲ್ಪ ರಕ್ತ ಕಂಡಿತು, ಸ್ಕ್ಯಾನಿನಲ್ಲಿ ಪೊರೆ ದಪ್ಪ ಅಂದರು. ಮುಂದೇನು?

ಬಯಾಪ್ಸಿ. ಗರ್ಭಕೋಶದ ಒಳಪದರ ಮುಟ್ಟು ನಿಂತ ಮೇಲೆ ತೆಳುವಾಗಬೇಕು. ರಕ್ತ ಕಂಡವರಲ್ಲಿ ಅದು 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಸಣ್ಣ ತುಣುಕು ತೆಗೆದು ನೋಡುವುದು ರೂಢಿ. ತೆಳುವಾಗಿದ್ದೂ ರಕ್ತ ಮತ್ತೆ ಮತ್ತೆ ಬಂದರೆ ಆಗಲೂ ಬಯಾಪ್ಸಿ ಬೇಕು. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಎರಡು ಅಂಕಿ ಸಿಕ್ಕವು. ಈ ಕ್ಯಾನ್ಸರ್ ಇದ್ದವರಲ್ಲಿ ಸುಮಾರು 90% ಮಂದಿಗೆ ಮುಟ್ಟು ನಿಂತ ಮೇಲೆ ರಕ್ತ ಕಂಡಿತ್ತು. ರಕ್ತ ಕಂಡವರಲ್ಲಿ ಕ್ಯಾನ್ಸರ್ ಇದ್ದದ್ದು ಸುಮಾರು 9% ಮಂದಿಗೆ. ಎರಡನ್ನೂ ಜೊತೆಗಿಟ್ಟು ಓದಿ: ಹೆದರಿ ಕೂರಬೇಕಿಲ್ಲ, ಆದರೆ ತೋರಿಸದೆ ಇರುವಂತಿಲ್ಲ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತಗೊಳ್ಳುತ್ತಿರುವವರು ಇನ್ನಷ್ಟು ಎಚ್ಚರದಿಂದಿರಬೇಕು, ಆ ಔಷಧದಿಂದ ಈ ಅಪಾಯ ಸ್ವಲ್ಪ ಹೆಚ್ಚುತ್ತದೆ.

ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಇತ್ತು. ನಾನು ಜೀನ್ ಟೆಸ್ಟ್ ಮಾಡಿಸಬೇಕಾ?

ಸಾಧ್ಯವಿದ್ದರೆ ಮೊದಲು ಅಮ್ಮನಿಗೇ ಮಾಡಿಸಿ. ಅವರಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಉತ್ತರ ಸ್ಪಷ್ಟವಾಗಿ ಸಿಗುತ್ತದೆ. ಅವರಿಲ್ಲದಿದ್ದರೆ ನೀವೇ ಮಾಡಿಸಬಹುದು, ಆದರೆ ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಮಾತಾಡಿ. ಬಿಆರ್‌ಸಿಎ1 ಎಂಬ ಜೀನಿನಲ್ಲಿ ದೋಷ ಇದ್ದರೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ 39ರಿಂದ 58%. ಬಿಆರ್‌ಸಿಎ2 ಇದ್ದರೆ 13ರಿಂದ 29%. ಉಳಿದವರಲ್ಲಿ ಇದು ಸುಮಾರು 1%.

ದೋಷ ಇದ್ದವರಿಗೆ ತಪಾಸಣೆಯಿಂದ ರಕ್ಷಣೆ ಸಿಗುತ್ತದೆಂಬ ಭರವಸೆ ಇಲ್ಲ. ಹಾಗಾಗಿ ಮಕ್ಕಳಾದ ಮೇಲೆ ಅಂಡಾಶಯ ಮತ್ತು ಅಂಡನಾಳ ಎರಡನ್ನೂ ತೆಗೆಸಿಕೊಳ್ಳಲು ಹೇಳುತ್ತಾರೆ. ಬಿಆರ್‌ಸಿಎ1ಕ್ಕೆ 35ರಿಂದ 40 ವರ್ಷದೊಳಗೆ, ಬಿಆರ್‌ಸಿಎ2ಕ್ಕೆ 40ರಿಂದ 45ರೊಳಗೆ. ಅಷ್ಟು ಬೇಗ ಮುಟ್ಟು ನಿಲ್ಲಿಸಿಕೊಳ್ಳುವುದು ಸಣ್ಣ ವಿಷಯವಲ್ಲ. ಮೂಳೆ, ಹೃದಯ, ನಿದ್ದೆ ಎಲ್ಲದರ ಮೇಲೂ ಪರಿಣಾಮ ಇದೆ. ಮೊದಲು ನಾಳ ಮಾತ್ರ ತೆಗೆದು ಅಂಡಾಶಯವನ್ನು ಕೆಲವು ವರ್ಷ ಉಳಿಸಿದರೆ ಸಾಕಾ ಎಂಬ ಅಧ್ಯಯನಗಳು ನಡೆಯುತ್ತಿವೆ. ಜೀನ್ ದೋಷ ಇಲ್ಲದವರಲ್ಲೂ, ಬೇರೆ ಕಾರಣಕ್ಕೆ ಹೊಟ್ಟೆ ಆಪರೇಷನ್ ಆಗುವಾಗ ನಾಳವನ್ನೂ ತೆಗೆಯುವ ಪದ್ಧತಿಯನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ 2010ರಲ್ಲಿ ಶುರು ಮಾಡಿತು.

ಮನೆತನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಗರ್ಭಕೋಶದ ಕ್ಯಾನ್ಸರ್ ಎರಡೂ ಇದ್ದರೆ ಈ ಎರಡರ ಅಪಾಯವನ್ನೂ ಹೆಚ್ಚಿಸುವ, ವಂಶದಲ್ಲಿ ಹರಿದುಬರುವ ಲಿಂಚ್ ಸಿಂಡ್ರೋಮ್ ಬಗ್ಗೆ ಕೇಳಿ.

ಬಯಾಪ್ಸಿ ಕೂಡ ಮಾಡದೆ ಅಂಡಾಶಯ ತೆಗೆದುಬಿಟ್ಟರು. ಇದು ತಪ್ಪಲ್ವಾ?

ಗೆಡ್ಡೆ ಅಂಡಾಶಯದೊಳಗೇ ಇದೆ ಅನಿಸಿದಾಗ ಸೂಜಿ ಚುಚ್ಚುವುದಿಲ್ಲ. ಚುಚ್ಚಿದರೆ ಒಳಗಿನದ್ದು ಹೊಟ್ಟೆಯೊಳಗೆ ಚೆಲ್ಲಿ, ಮೊದಲ ಹಂತದಲ್ಲಿದ್ದ ಕಾಯಿಲೆ ಹರಡುವ ಅಪಾಯ ಇದೆ. ಇಡಿಯಾಗಿ ತೆಗೆದು ಆಮೇಲೆ ಪರೀಕ್ಷಿಸುವುದೇ ಸರಿಯಾದ ಕ್ರಮ. ಈಗಾಗಲೇ ಹರಡಿದ್ದು, ಮೊದಲು ಕೀಮೋ ಕೊಡಬೇಕು ಎಂದಾಗ ಮಾತ್ರ ಸೂಜಿ ಬಯಾಪ್ಸಿ ಮಾಡುತ್ತಾರೆ.

## ಚಿಕಿತ್ಸೆ

ಗರ್ಭಕಂಠದ ಕ್ಯಾನ್ಸರ್‌ಗೆ ಕೀಹೋಲ್ ಆಪರೇಷನ್ ಒಳ್ಳೆಯದಾ, ಹೊಟ್ಟೆ ಕೊಯ್ಯುವುದಾ?

ಹೊಟ್ಟೆ ಕೊಯ್ಯುವುದು. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಡಾಕ್ಟರುಗಳಿಗೂ ಆಗಿತ್ತು. ಸಣ್ಣ ರಂಧ್ರ, ಕಡಿಮೆ ನೋವು, ಬೇಗ ಮನೆಗೆ. ಹಾಗಾಗಿ ಅದೇ ಮೇಲು ಎಂದು ನಂಬಿ ವರ್ಷಗಟ್ಟಲೆ ಮಾಡಿದರು. 2018ರಲ್ಲಿ 631 ಮಹಿಳೆಯರ ಅಧ್ಯಯನ ಬಂತು. ನಾಲ್ಕೂವರೆ ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಬದುಕಿದ್ದವರು ಹೊಟ್ಟೆ ಕೊಯ್ದ ಗುಂಪಿನಲ್ಲಿ 96.5%, ಕೀಹೋಲ್ ಅಥವಾ ರೋಬೋಟ್ ಗುಂಪಿನಲ್ಲಿ 86%. ಜಗತ್ತಿನಾದ್ಯಂತ ಪದ್ಧತಿ ಬದಲಾಯಿತು. ಗರ್ಭಕೋಶದ ಒಳಪದರದ ಆರಂಭದ ಕ್ಯಾನ್ಸರ್‌ಗೆ ಈ ಮಾತು ಹೊಂದುವುದಿಲ್ಲ, ಅಲ್ಲಿ ಕೀಹೋಲ್ ಸುರಕ್ಷಿತವೇ.

ಇನ್ನೊಂದು ಬದಲಾವಣೆ ಹಿತವಾದದ್ದು. ಗೆಡ್ಡೆ 2 ಸೆಂಟಿಮೀಟರ್ ಮೀರದೆ, ಆಳಕ್ಕೂ ಇಳಿಯದೆ ಇರುವವರಿಗೆ ಸುತ್ತಲಿನ ಅಂಗಾಂಶವನ್ನೆಲ್ಲ ತೆಗೆಯುವ ದೊಡ್ಡ ಆಪರೇಷನ್ ಬೇಕಿಲ್ಲ ಎಂದು 2024ರಲ್ಲಿ ಪ್ರಕಟವಾದ 700 ಮಹಿಳೆಯರ ಅಧ್ಯಯನ ತೋರಿಸಿತು. ಮೂರು ವರ್ಷದಲ್ಲಿ ಕಿಬ್ಬೊಟ್ಟೆಯಲ್ಲಿ ಮರುಕಳಿಸಿದ್ದು ಸಣ್ಣ ಆಪರೇಷನ್‌ನಲ್ಲಿ 2.5%, ದೊಡ್ಡದರಲ್ಲಿ 2.2%. ಮೂತ್ರದ ತೊಂದರೆಗಳು ಮಾತ್ರ ಸಣ್ಣದರಲ್ಲಿ ಕಡಿಮೆ.

ಆಪರೇಷನ್ ಆಗಲ್ಲ, ರೇಡಿಯೇಷನ್ ಕೊಡುತ್ತೇವೆ ಅಂದರು. ಅಂದರೆ ಕೈಬಿಟ್ಟರಾ?

ಖಂಡಿತ ಇಲ್ಲ. ಗರ್ಭಕಂಠದ ಕ್ಯಾನ್ಸರ್ ಸುತ್ತಲಿಗೆ ಹರಡಿದ್ದರೆ ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ, ವಾಸಿ ಮಾಡಬೇಕೆಂದೇ ಕೊಡುವುದು. 1999ರಿಂದ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ ಸೇರಿಸುತ್ತಾರೆ. ಒಳಗಿನಿಂದ ಕೊಡುವ ಬ್ರ್ಯಾಕಿಥೆರಪಿ ಎಂಬ ಭಾಗವನ್ನು ಯಾವ ಕಾರಣಕ್ಕೂ ಬಿಡಬೇಡಿ. ನೋವು, ಮುಜುಗರ ಎಂದು ಅದನ್ನು ತಪ್ಪಿಸಿಕೊಳ್ಳುವವರಿದ್ದಾರೆ. ಅದಿಲ್ಲದೆ ಚಿಕಿತ್ಸೆ ಅರ್ಧವೇ.

ಇಲ್ಲಿ ಇತ್ತೀಚೆಗೆ ಎರಡು ಮುನ್ನಡೆಗಳಾಗಿವೆ. ರೇಡಿಯೇಷನ್‌ಗೆ ಮೊದಲು ಆರು ವಾರ, ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟ 500 ಮಂದಿಯ ಅಧ್ಯಯನದಲ್ಲಿ ಐದು ವರ್ಷ ಬದುಕಿದವರು 72%ದಿಂದ 80%ಕ್ಕೇರಿದರು. ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧ ಸೇರಿಸಿದ ಇನ್ನೊಂದರಲ್ಲಿ ಮೂರು ವರ್ಷಕ್ಕೆ 74.8%ದಿಂದ 82.6%. ಎರಡರ ವರದಿಯೂ 2024ರಲ್ಲಿ ಬಂತು. ಮೊದಲನೆಯದೇ ನನಗೆ ಹೆಚ್ಚು ಖುಷಿ ಕೊಟ್ಟದ್ದು. ಅದರ ಎರಡೂ ಔಷಧಗಳು ಹಳೆಯವು, ಪೇಟೆಂಟ್ ಮುಗಿದವು, ಎಲ್ಲ ಕಡೆ ಸಿಗುವಂಥವು.

ಇಬ್ಬರಿಗೂ ಗರ್ಭಕೋಶದ ಕ್ಯಾನ್ಸರ್, ಇಬ್ಬರಿಗೂ ಒಂದೇ ಹಂತ. ಚಿಕಿತ್ಸೆ ಮಾತ್ರ ಯಾಕೆ ಬೇರೆ?

ಗೆಡ್ಡೆಯ ಒಳಗಿನ ಜೀನ್‌ಗಳು ಬೇರೆ. 2013ರಲ್ಲಿ ನೂರಾರು ಗೆಡ್ಡೆಗಳ ಜೀನ್ ಓದಿದಾಗ ಈ ಕ್ಯಾನ್ಸರ್ ನಾಲ್ಕು ಗುಂಪಾಗಿ ಒಡೆಯಿತು. ಪೋಲ್ ಎಂಬ ಜೀನಿನಲ್ಲಿ ದೋಷ ಇರುವ ಗುಂಪು ಸೂಕ್ಷ್ಮದರ್ಶಕದಲ್ಲಿ ಉಗ್ರವಾಗಿ ಕಂಡರೂ ಮರುಕಳಿಸುವುದು ತೀರಾ ಅಪರೂಪ. ಪಿ53 ಎಂಬ ಜೀನ್ ಕೆಟ್ಟ ಗುಂಪು ಮೊದಲ ಹಂತದಲ್ಲಿದ್ದರೂ ಅಪಾಯಕಾರಿ. 2023ರಲ್ಲಿ ಪರಿಷ್ಕರಿಸಿದ ಅಂತಾರಾಷ್ಟ್ರೀಯ ಹಂತಗಳ ಪಟ್ಟಿಯಲ್ಲಿ ಇವೆರಡಕ್ಕೂ ಜಾಗ ಕೊಟ್ಟಿದ್ದಾರೆ.

ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟ ಮೂರನೇ ಗುಂಪಿಗೆ ಇಮ್ಯುನೋಥೆರಪಿ ಚೆನ್ನಾಗಿ ಹಿಡಿಯುತ್ತದೆ. ಮುಂದುವರಿದ ಕಾಯಿಲೆಯಲ್ಲಿ ಕೀಮೋ ಜೊತೆ ಡೋಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಕೊಟ್ಟಾಗ, ಈ ಗುಂಪಿನಲ್ಲಿ ಎರಡು ವರ್ಷಕ್ಕೆ ಕಾಯಿಲೆ ಬೆಳೆಯದೆ ಇದ್ದವರು 61.4%. ಬರೀ ಕೀಮೋ ಪಡೆದವರಲ್ಲಿ 15.7%. ಇಷ್ಟು ದೊಡ್ಡ ಅಂತರ ಈ ಕ್ಷೇತ್ರದಲ್ಲಿ ಅಪರೂಪ. ನಾಲ್ಕನೆಯದು ಇವು ಯಾವುವೂ ಇಲ್ಲದ ಗುಂಪು, ಎಲ್ಲಕ್ಕಿಂತ ದೊಡ್ಡದೂ ಅದೇ. ಬಯಾಪ್ಸಿ ಆದಾಗ ಈ ಪರೀಕ್ಷೆಗಳಾಗಿವೆಯೇ ಎಂದು ಕೇಳಿ.

ಪಾರ್ಪ್ ಮಾತ್ರೆ ಅಂದರೇನು? ಎಲ್ಲರಿಗೂ ಕೊಡುತ್ತಾರಾ?

ನಮ್ಮ ಜೀವಕೋಶದ ಡಿಎನ್‌ಎ ದಿನವೂ ಮುರಿಯುತ್ತದೆ, ದಿನವೂ ರಿಪೇರಿಯಾಗುತ್ತದೆ. ಬಿಆರ್‌ಸಿಎ ಕೆಟ್ಟ ಕ್ಯಾನ್ಸರ್ ಕೋಶ ಒಂದು ಕಾಲು ಮುರಿದು ಇನ್ನೊಂದರ ಮೇಲೆ ಕುಂಟುವವನಂತೆ. ಪಾರ್ಪ್ ಎಂಬ ರಿಪೇರಿ ಪ್ರೋಟೀನನ್ನು ತಡೆಯುವ ಮಾತ್ರೆ ಆ ಇನ್ನೊಂದು ಕಾಲಿಗೆ ಹೊಡೆಯುತ್ತದೆ. ಒಳ್ಳೆಯ ಕೋಶಕ್ಕೆ ಎರಡೂ ಇರುವುದರಿಂದ ತಡೆದುಕೊಳ್ಳುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದ್ದು 2005ರಲ್ಲಿ. ಬಿಆರ್‌ಸಿಎ ದೋಷ ಇರುವ ಮುಂದುವರಿದ ಅಂಡಾಶಯ ಕ್ಯಾನ್ಸರ್‌ನಲ್ಲಿ, ಮೊದಲ ಕೀಮೋ ಚೆನ್ನಾಗಿ ಹಿಡಿದ ಮೇಲೆ ಎರಡು ವರ್ಷ ಒಲಾಪರಿಬ್ ಎಂಬ ಪಾರ್ಪ್ ಮಾತ್ರೆ ತಗೊಂಡವರಲ್ಲಿ ಏಳು ವರ್ಷಕ್ಕೆ ಬದುಕಿದ್ದವರು 67%. ಔಷಧವಿಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ 46.5%. ದೋಷ ಇಲ್ಲದವರಲ್ಲಿ ಲಾಭ ಬಹಳ ಕಡಿಮೆ. ರಕ್ತ ಕಡಿಮೆಯಾಗುವುದು, ಸುಸ್ತು, ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಕೂಡ ಇದರ ಅಡ್ಡ ಪರಿಣಾಮ.

ಇನ್ನೂ ಮಕ್ಕಳಾಗಿಲ್ಲ. ದಾರಿ ಇದೆಯಾ?

ಬೇಗ ಪತ್ತೆಯಾಗಿದ್ದರೆ ಹಲವರಿಗೆ ಇದೆ. ಗರ್ಭಕಂಠವನ್ನಷ್ಟೇ ತೆಗೆದು ಗರ್ಭಕೋಶ ಉಳಿಸಬಹುದು. ಒಂದೇ ಅಂಡಾಶಯಕ್ಕೆ ಸೀಮಿತವಾದರೆ ಇನ್ನೊಂದನ್ನು ಬಿಡಬಹುದು. ಒಳಪದರದಲ್ಲೇ ಇರುವ ಸೌಮ್ಯ ಕ್ಯಾನ್ಸರ್‌ಗೆ ಕೆಲಕಾಲ ಪ್ರೊಜೆಸ್ಟಿನ್ ಹಾರ್ಮೋನ್ ಕೊಟ್ಟು ನೋಡಬಹುದು. ಚಿಕಿತ್ಸೆ ಶುರುವಾಗುವ ಮೊದಲೇ ಕೇಳಬೇಕು, ಆಮೇಲೆ ಕೇಳಿ ಪ್ರಯೋಜನವಿಲ್ಲ.

## ಚಿಕಿತ್ಸೆಯ ನಂತರದ ನಿಗಾ

ಕೀಮೋ ಮುಗಿದಿದೆ. ಪ್ರತಿ ತಿಂಗಳು ಸಿಎ-125 ಮಾಡಿಸಿದರೆ ಒಳ್ಳೆಯದಲ್ವಾ?

ಇದಕ್ಕೆ ನೇರವಾದ ಅಧ್ಯಯನವೇ ಇದೆ. ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ, ಲಕ್ಷಣವಿಲ್ಲದೆ ಸಿಎ-125 ಮಾತ್ರ ಏರಿದ 529 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಕ್ಷಣ ಕೀಮೋ. ಇನ್ನೊಂದಕ್ಕೆ ಲಕ್ಷಣ ಬಂದ ಮೇಲೆ, ಅಂದರೆ ಸುಮಾರು ಐದು ತಿಂಗಳು ತಡವಾಗಿ. 2010ರಲ್ಲಿ ಬಂದ ಫಲಿತಾಂಶದಲ್ಲಿ ಬದುಕಿದ ಅವಧಿಯ ಮಧ್ಯದ ಅಂಕಿ (ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದರು) ಕ್ರಮವಾಗಿ 25.7 ತಿಂಗಳು ಮತ್ತು 27.1 ತಿಂಗಳು. ಬೇಗ ಶುರು ಮಾಡಿದವರಿಗೆ ಲಾಭ ಇಲ್ಲ. ಹೆಚ್ಚು ಕಾಲ ಕೀಮೋದಲ್ಲಿ ಕಳೆದರು ಅಷ್ಟೇ.

ಇದಾದ ಮೇಲೆ ಹೊಸ ಔಷಧಗಳು ಬಂದಿವೆ, ಎರಡನೇ ಆಪರೇಷನ್ ಕೆಲವರಿಗೆ ನೆರವಾಗುತ್ತದೆ ಎಂದೂ ಗೊತ್ತಾಗಿದೆ. ಅದಕ್ಕೇ ಕೆಲವು ಡಾಕ್ಟರುಗಳು ಪರೀಕ್ಷೆ ಬಿಡಬೇಡಿ ಎನ್ನುತ್ತಾರೆ. ಮಾಡಿಸುವುದೋ ಬೇಡವೋ ಎಂಬುದನ್ನು ನೀವೂ ಡಾಕ್ಟರೂ ಕೂತು ಮಾತಾಡಿ ನಿರ್ಧರಿಸಬೇಕು. ಪ್ರತಿ ಸಲವೂ ರಿಪೋರ್ಟ್ ಬರುವವರೆಗೆ ನಿದ್ದೆ ಕೆಡುತ್ತದೆ ಎನ್ನುವವರ ಮಾತಿಗೂ ಅಲ್ಲಿ ಬೆಲೆ ಇರಬೇಕು.

ಹಾಗಾದರೆ ರಕ್ತ ಪರೀಕ್ಷೆಯಿಂದ ನಿಗಾ ಇಡುವುದೇ ದಂಡನಾ?

ಇಲ್ಲ. ಅದು ಅದ್ಭುತವಾಗಿ ಕೆಲಸ ಮಾಡುವ ಕಾಯಿಲೆಯೂ ಇದೆ. ಮುತ್ತು ಗರ್ಭದ (ಮಗುವಿನ ಬದಲು ಮಾಸು ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಬಸುರು) ನಂತರ ಕೆಲವರಲ್ಲಿ ಬೆಳೆಯುವ ಗೆಡ್ಡೆಗಳು, ಮಾಸಿನ ಕೋಶದಿಂದ ಹುಟ್ಟುವ ಕೋರಿಯೋಕಾರ್ಸಿನೋಮ, ಇವು ಎಚ್‌ಸಿಜಿ ಎಂಬ ಹಾರ್ಮೋನ್ ಸುರಿಸುತ್ತವೆ. ಗರ್ಭ ಪರೀಕ್ಷೆಯಲ್ಲಿ ನೋಡುವುದೂ ಇದನ್ನೇ. ಬಸುರಿಲ್ಲದವರಲ್ಲಿ ಇದು ಇರಲೇಬಾರದು, ಹಾಗಾಗಿ ಅಳತೆ ಬಹಳ ನಿಖರ.

1950ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ ಈ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಕೊಟ್ಟರು. ಗೆಡ್ಡೆ ಮಾಯವಾದರೂ ಹಾರ್ಮೋನ್ ಪೂರ್ತಿ ಇಳಿಯುವವರೆಗೆ ಔಷಧ ನಿಲ್ಲಿಸಬಾರದು ಎಂದು ಲಿ ಹಟ ಹಿಡಿದರು. ಕಾಣದ ಕಾಯಿಲೆಗೆ ವಿಷ ಕೊಡುತ್ತಿದ್ದಾರೆ ಎಂದು ಅವರನ್ನು ಅಲ್ಲಿಂದ ಕಳಿಸಿದರು. ಕೊನೆಗೆ ಅವರ ರೋಗಿಗಳೇ ಉಳಿದರು. ಕೀಮೋ ಒಂದರಿಂದಲೇ ವಾಸಿಯಾದ ಮೊದಲ ಗೆಡ್ಡೆ ಕ್ಯಾನ್ಸರ್ ಇದು. ಇಂದಿಗೂ ಇಲ್ಲಿ ಚಿಕಿತ್ಸೆ ನಡೆಯುವುದು ವಾರ ವಾರದ ಎಚ್‌ಸಿಜಿ ನೋಡಿಯೇ.

ಎರಡು ಪರೀಕ್ಷೆಗಳ ಅಂತರ ನೋಡಿ. ಎಚ್‌ಸಿಜಿ ಏರಿದರೆ ವಾಸಿ ಮಾಡುವ ಔಷಧ ಕೈಯಲ್ಲಿದೆ. ಮರುಕಳಿಸಿದ ಅಂಡಾಶಯ ಕ್ಯಾನ್ಸರ್‌ನಲ್ಲಿ ಹೆಚ್ಚಿನವರಿಗೆ ಅದಿಲ್ಲ.

ರಕ್ತದಲ್ಲಿ ಗೆಡ್ಡೆಯ ಡಿಎನ್‌ಎ ಹುಡುಕುವ ಹೊಸ ಟೆಸ್ಟ್ ಬಂದಿದೆಯಂತೆ. ಮಾಡಿಸಲಾ?

ಅಧ್ಯಯನದ ಭಾಗವಾಗಿಯಾದರೆ ಮಾಡಿಸಿ. ಸಾಯುವ ಗೆಡ್ಡೆ ಕೋಶಗಳಿಂದ ಡಿಎನ್‌ಎ ಚೂರುಗಳು ರಕ್ತಕ್ಕೆ ಬೀಳುತ್ತವೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಇನ್ನೂ ಸುಲಭ, ವೈರಸ್ಸಿನ ಡಿಎನ್‌ಎಯನ್ನೇ ಹುಡುಕಬಹುದು. ಚಿಕಿತ್ಸೆ ಮುಗಿದ ಮೇಲೂ ಅದು ರಕ್ತದಲ್ಲಿ ಉಳಿದವರಿಗೆ ಕಾಯಿಲೆ ಮರಳುವುದು ಹೆಚ್ಚು ಎಂದು ತಿಳಿದಿದೆ. ಆದರೆ ಅದನ್ನು ನೋಡಿ ಚಿಕಿತ್ಸೆ ಬದಲಿಸಿದರೆ ಹೆಚ್ಚು ಕಾಲ ಬದುಕುತ್ತಾರಾ? ಅದಿನ್ನೂ ಸಾಬೀತಾಗಬೇಕು. ಸಿಎ-125ರ ಕತೆ ಓದಿದವರಿಗೆ ಈ ಪ್ರಶ್ನೆ ಯಾಕೆ ಮುಖ್ಯ ಎಂದು ಗೊತ್ತಾಗುತ್ತದೆ.

## ಸಂಶೋಧನೆ ಓದುವವರಿಗೆ

ಹೊಸ ಔಷಧದಿಂದ ಕಾಯಿಲೆ ಬೆಳೆಯುವುದು ತಡವಾಯಿತು ಅಂತ ಸುದ್ದಿ ಬಂದರೆ, ಜಾಸ್ತಿ ದಿನ ಬದುಕುತ್ತಾರೆ ಅಂತ ಅರ್ಥನಾ?

ಯಾವಾಗಲೂ ಅಲ್ಲ. ಸ್ಕ್ಯಾನಿನಲ್ಲಿ ಗೆಡ್ಡೆ ಮತ್ತೆ ಬೆಳೆಯುವವರೆಗಿನ ಅವಧಿ ಒಂದು, ಒಟ್ಟು ಬದುಕಿದ ಅವಧಿ ಇನ್ನೊಂದು. ಮೊದಲನೆಯ ಲೆಕ್ಕ ಬೇಗ ಸಿಗುತ್ತದೆ, ಹಾಗಾಗಿ ಸುದ್ದಿಯೂ ಅದರದ್ದೇ ಮೊದಲು. ಪಾರ್ಪ್ ಮಾತ್ರೆಗಳಲ್ಲೇ ಇದಕ್ಕೆ ಉದಾಹರಣೆ ಇದೆ. ಹಲವು ಸಲ ಕೀಮೋ ಆಗಿ ಕಾಯಿಲೆ ಮರಳಿದವರಿಗೆ, ಕೀಮೋ ಬದಲು ಈ ಮಾತ್ರೆಯನ್ನೇ ಚಿಕಿತ್ಸೆಯಾಗಿ ಕೊಡಲು ಅಮೆರಿಕದಲ್ಲಿ ಅನುಮತಿ ಇತ್ತು. ಒಟ್ಟು ಬದುಕಿದ ಅವಧಿಯ ಲೆಕ್ಕ ಬಂದಾಗ ಕೀಮೋ ಪಡೆದವರಿಗಿಂತ ಇವರು ಕಡಿಮೆ ಬದುಕಿರಬಹುದು ಎಂಬ ಸುಳಿವು ಕಂಡಿತು. 2022ರಲ್ಲಿ ಕಂಪನಿಗಳೇ ಆ ಬಳಕೆಯನ್ನು ಹಿಂತೆಗೆದುಕೊಂಡವು. ಮೊದಲ ಚಿಕಿತ್ಸೆಯ ನಂತರ ಕೊಡುವ ಬಳಕೆ ಮುಂದುವರಿದಿದೆ. ಔಷಧ ಅದೇ, ಕೊಡುವ ಹೊತ್ತು ಬೇರೆ.

ಕಾಯಿಲೆ ತಡವಾಗುವುದಕ್ಕೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಕೀಮೋ ಇಲ್ಲದ ಒಂದು ವರ್ಷ ದೊಡ್ಡದು. ಅದು ಎಂಥ ವರ್ಷವಾಗಿತ್ತು, ಎಷ್ಟು ಸುಸ್ತು, ಎಷ್ಟು ಆಸ್ಪತ್ರೆ ಓಡಾಟ ಎಂಬುದನ್ನೂ ವರದಿಯಲ್ಲಿ ಹುಡುಕಿ.

ಪ್ಲಾಟಿನಂ ಕೀಮೋ ಹಿಡಿಯುತ್ತಿಲ್ಲ ಅಂದರು. ಮುಂದೆ ಏನಾದರೂ ಇದೆಯಾ?

ಈಗ ಇದೆ. ಪ್ಲಾಟಿನಂ ಕೀಮೋ ಅಂದರೆ ಕಾರ್ಬೋಪ್ಲಾಟಿನ್, ಸಿಸ್‌ಪ್ಲಾಟಿನ್‌ನಂಥವು. ಕೀಮೋ ಔಷಧವನ್ನು ಗೆಡ್ಡೆ ಹುಡುಕುವ ಆಂಟಿಬಾಡಿಗೆ ಕಟ್ಟಿ ಕಳಿಸುವ ಔಷಧಗಳು ಬಂದಿವೆ. ಅಂಡಾಶಯದ ಕ್ಯಾನ್ಸರ್‌ಗೆ ಮಿರ್ವೆಟುಕ್ಸಿಮ್ಯಾಬ್ ಅಂಥದ್ದು. ಗೆಡ್ಡೆಯ ಮೇಲೆ ಫೋಲೇಟ್ ರಿಸೆಪ್ಟರ್ ಎಂಬ ಪ್ರೋಟೀನ್ ಹೆಚ್ಚಿದ್ದವರಲ್ಲಿ ಬದುಕಿದ ಅವಧಿಯ ಮಧ್ಯದ ಅಂಕಿಯನ್ನು ಅದು 12.75 ತಿಂಗಳಿಂದ 16.46 ತಿಂಗಳಿಗೆ ಏರಿಸಿತು. ಸುಮಾರು ನಾಲ್ಕು ತಿಂಗಳು. ಈ ಹಂತದಲ್ಲಿ ಯಾವುದೇ ಔಷಧ ಬದುಕಿನ ಅವಧಿ ಹೆಚ್ಚಿಸಿದ್ದೇ ಅಪರೂಪ. ಕಣ್ಣು ಮಂಜಾಗುವುದು ಸಾಮಾನ್ಯ, ಆದ್ದರಿಂದ ಕಣ್ಣಿನ ಡಾಕ್ಟರ್ ನಿಗಾ, ಹನಿಗಳು ಬೇಕೇ ಬೇಕು. ಗರ್ಭಕಂಠದ ಕ್ಯಾನ್ಸರ್‌ಗೆ ಇದೇ ಬಗೆಯ ಟಿಸೊಟುಮ್ಯಾಬ್ ಇದೆ, ಅದಕ್ಕೂ ಕಣ್ಣಿನ ತೊಂದರೆ ಇದೆ.

ಟ್ರಯಲ್‌ಗೆ ಸೇರಿ ಅನ್ನುತ್ತಿದ್ದಾರೆ. ನಮ್ಮ ಮೇಲೆ ಪ್ರಯೋಗ ಮಾಡುತ್ತಾರಾ?

ಪ್ರಯೋಗ ಹೌದು, ಆದರೆ ನಿಮಗೆ ತಿಳಿಸದೆ ಅಲ್ಲ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಗರ್ಭಕಂಠದ ಗೆಡ್ಡೆಯಿಂದ ಅವರನ್ನು ಕೇಳದೆಯೇ ಕೋಶ ತೆಗೆದು ಬೆಳೆಸಿದರು. ಆ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿವೆ. ಇಂಥವುಗಳ ನಂತರವೇ ಒಪ್ಪಿಗೆ ಪತ್ರ, ನೈತಿಕ ಸಮಿತಿ ಎಲ್ಲ ಕಡ್ಡಾಯವಾದದ್ದು.

ಸಹಿ ಹಾಕುವ ಮೊದಲು ಇವನ್ನು ಕೇಳಿ. ನಾನು ಸೇರದಿದ್ದರೆ ಯಾವ ಚಿಕಿತ್ಸೆ ಕೊಡುತ್ತೀರಿ? ಹೋಲಿಸುತ್ತಿರುವುದು ಯಾವುದರ ಜೊತೆ? ಯಾವ ಗುಂಪಿಗೆ ಹೋಗುತ್ತೇನೆ ಎಂದು ಯಾರು ನಿರ್ಧರಿಸುತ್ತಾರೆ? ಹೆಚ್ಚುವರಿ ಸ್ಕ್ಯಾನ್, ಬಯಾಪ್ಸಿ ಎಷ್ಟು, ಅದರ ಖರ್ಚು ಯಾರದು? ತೊಂದರೆಯಾದರೆ ಚಿಕಿತ್ಸೆ ಯಾರು ಕೊಡುತ್ತಾರೆ? ಔಷಧ ಹಿಡಿದರೆ ಅಧ್ಯಯನ ಮುಗಿದ ಮೇಲೂ ಸಿಗುತ್ತದಾ? ನಡುವೆ ಬಿಟ್ಟು ಬಂದರೆ ಮಾಮೂಲಿ ಚಿಕಿತ್ಸೆಗೆ ಅಡ್ಡಿ ಇರಬಾರದು, ಅದು ನಿಮ್ಮ ಹಕ್ಕು. ಪತ್ರ ಓದಲು ಮನೆಗೆ ಕೊಡುವುದಿಲ್ಲ, ಈಗಲೇ ಸಹಿ ಹಾಕಿ ಎಂದರೆ ಹಾಕಬೇಡಿ.